ಸುಣ್ಣ ಬಿದ್ದ ದಾರಿ

೨೦೦೮ರ ಜನವರಿ ಕೊನೆಯಲ್ಲಿ, ಮಾಗಡಿ–ರಾಮನಗರ ರಸ್ತೆಯಿಂದ ಒಳಕ್ಕಿರುವ ಒಂದು ಹಳ್ಳಿಯಲ್ಲಿ, ಐವತ್ತು ದಾಟಿದ ರೈತ ಮಹಿಳೆಯೊಬ್ಬರು ಕೊಯ್ಲಿಗೆ ಇನ್ನು ಕೆಲವೇ ವಾರಗಳಿದ್ದ ತಮ್ಮ ದ್ರಾಕ್ಷಿ ಚಪ್ಪರವನ್ನು ತಾವೇ ಆಳು ಹಚ್ಚಿ ಕೆಡವಿಸಿದರು. ಬಳ್ಳಿಗೆ ರೋಗವಿರಲಿಲ್ಲ. ಜಮೀನಿನ ಮೇಲೆ ವ್ಯಾಜ್ಯವಿರಲಿಲ್ಲ. ಸರ್ಕಾರದಿಂದ ನೋಟಿಸೂ ಬಂದಿರಲಿಲ್ಲ. ಚಪ್ಪರದ ನಡುವೆ ಸುಣ್ಣದ ಒಂದು ಗೆರೆ ಬಿದ್ದಿತ್ತು.

ಗೆರೆ ಎಳೆದದ್ದು ಓಡುವವರಿಗಾಗಿ.

ಆಗ ನಾನು ರಾಮನಗರದಲ್ಲಿ ಒಂದು ದಿನಪತ್ರಿಕೆಗೆ ವರದಿ ಮಾಡುತ್ತಿದ್ದೆ. ರಾಮನಗರ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಬೆಂಗಳೂರಿನ ಡೆಸ್ಕಿಗೆ ಈ ಕಡೆಯಿಂದ ಬೇಕಾದದ್ದು ಎರಡೇ ಬಗೆಯ ಸುದ್ದಿ: ಭೂಸ್ವಾಧೀನ, ಇಲ್ಲವೇ ಭಾನುವಾರದ ಪುರವಣಿಗೆ ಬೆಟ್ಟಗುಡ್ಡ. ಜನವರಿಯಲ್ಲಿ ಪುರವಣಿಯವರು ಫೋನ್ ಮಾಡಿ, ನಿಮ್ಮ ಕಡೆ ಒಂದು ವೈನ್ ಫ್ಯಾಕ್ಟರಿಯವರು ದ್ರಾಕ್ಷಿ ತೋಟಗಳ ನಡುವೆ ಓಡುವ ದಾರಿಗಳನ್ನು ಗುರುತು ಮಾಡುತ್ತಿದ್ದಾರಂತೆ, ಫೆಬ್ರವರಿಯಲ್ಲಿ ಒಂದು ಭಾನುವಾರ ನಗರದಿಂದ ಓಟಗಾರರು ಬರುತ್ತಾರಂತೆ, ಹೋಗಿ ನೋಡಿ ಬರೆಯಿರಿ ಎಂದರು. ಹೋದೆ.

ಫ್ಯಾಕ್ಟರಿಯ ಮ್ಯಾನೇಜರ್ ಬೆಂಗಳೂರಿನ ಯುವಕ, ಸೌಜನ್ಯದ ಮನುಷ್ಯ. ಮೊದಲು ಕೆಂಗಲ್ ಹತ್ತಿರದಿಂದ ಓಟ ಶುರು ಮಾಡುವ ಯೋಚನೆಯಿತ್ತಂತೆ. ಮೈಸೂರು ರಸ್ತೆಯ ಲಾರಿಗಳನ್ನು ಕಂಡು ಕೈಬಿಟ್ಟರು. ಕನಕಪುರದ ಕಡೆ ಬಂಡೆಗಳು ಚೆನ್ನಾಗಿದ್ದವು, ಆದರೆ ಕಲ್ಲು ಕ್ವಾರಿಯ ಧೂಳು. ಕೊನೆಗೆ ಫ್ಯಾಕ್ಟರಿಯ ಗೇಟಿನಿಂದಲೇ ಮೂರು ದಾರಿಗಳನ್ನು ಮಾಡಿದ್ದರು. ಚಿಕ್ಕದು ಫ್ಯಾಕ್ಟರಿಯ ಬೇಲಿಯನ್ನು ಸುತ್ತಿ ಬರುತ್ತಿತ್ತು. ಎರಡನೆಯದು ಕೆರೆ ಏರಿಯ ಮೇಲೆ ಹಾದು, ರಾಗಿ ಕೊಯ್ದ ಹೊಲಗಳ ಮಧ್ಯದ ಬಂಡಿ ಜಾಡಿನಲ್ಲಿ ಹಿಂತಿರುಗುತ್ತಿತ್ತು. ಮೂರನೆಯದು ಅದೇ ಜಾಡಿನಿಂದ ಕವಲೊಡೆದು, ಹೊಂಗೆ ಮರಗಳ ಸಾಲು ದಾಟಿ, ಸಾವನದುರ್ಗದ ಬಂಡೆ ಪೂರ್ತಿ ಎದುರಿಗೆ ಬರುವ ದಿಣ್ಣೆಗೆ ಏರಿ, ಅಲ್ಲಿಂದ ದ್ರಾಕ್ಷಿ ತೋಟಗಳಿಗೆ ಇಳಿಯುತ್ತಿತ್ತು. ಬೆಳಗ್ಗೆ ಆ ದಿಣ್ಣೆಯ ಮೇಲೆ ನಿಂತರೆ ಬಂಡೆಯ ಬುಡದಲ್ಲಿ ಮಂಜು, ನೆತ್ತಿಯಲ್ಲಿ ಬಿಸಿಲು. ನಾನು ಹುಟ್ಟಿದ್ದು ಅಲ್ಲಿಂದ ಹೆಚ್ಚು ದೂರವಲ್ಲ. ಆ ದಿಣ್ಣೆಯನ್ನು ನೋಡಲು ಯಾರಾದರೂ ಬರುತ್ತಾರೆ ಎಂದು ನಮ್ಮ ಕಡೆಯ ಯಾರಿಗೂ ಹೊಳೆದಿರಲಿಲ್ಲ.

ಗುರುತು ಹಾಕುವ ಕೆಲಸ ಫ್ಯಾಕ್ಟರಿಯ ತೋಟ ನೋಡಿಕೊಳ್ಳುತ್ತಿದ್ದ ಒಬ್ಬ ಮುದುಕನದು. ಸರ್ವೆ ಇಲಾಖೆಯಲ್ಲಿ ಸರಪಳಿ ಹಿಡಿಯುವ ಕೆಲಸ ಮಾಡಿ ನಿವೃತ್ತನಾದವನು. ಹೆಗಲ ಮೇಲೆ ಸುಣ್ಣದ ಪುಡಿಯ ಚೀಲ, ಕೈಯಲ್ಲಿ ಟೇಪು. ನೇರವಾಗಿ ಗೆರೆ ಎಳೆಯುತ್ತಿದ್ದ. ದಾರಿ ತಿರುಗುವ ಕಡೆ ಸುಣ್ಣದಲ್ಲಿ ಕತ್ತರಿ ಗುರುತು ಹಾಕಿ, ಪಕ್ಕದಲ್ಲಿ ಮೂರು ಕಲ್ಲು ಪೇರಿಸುತ್ತಿದ್ದ. ಮ್ಯಾನೇಜರಿಗೆ ಬಾಣದ ಗುರುತು ಬೇಕಿತ್ತು.

"ಬಾಣ ನಂಗ್ ಬರಕಿಲ್ಲ ಸ್ವಾಮಿ," ಅಂದ ಮುದುಕ. "ಗೆರೆ ಬತ್ತದೆ, ಕತ್ತರಿ ಬತ್ತದೆ. ಮೂವತ್ ವರ್ಸ ಅದನ್ನೇ ಹಾಕ್ದೋನು."

ಮ್ಯಾನೇಜರ್ ನಕ್ಕು, ಇರಲಿ, ಹಳ್ಳಿಯ ಕಳೆ ಇರುತ್ತೆ ಅಂದರು.

ದಿಣ್ಣೆ ಇಳಿದ ಮೇಲೆ ದಾರಿ ಎರಡು ದ್ರಾಕ್ಷಿ ತೋಟಗಳ ನಡುವಿನ ಬದುವಿನ ಮೇಲೆ ಹೋಗಬೇಕಿತ್ತು. ಬದು ಕತ್ತಾಳೆ, ಲಂಟಾನದಿಂದ ಮುಚ್ಚಿಹೋಗಿತ್ತು. ಒಂದು ಕಡೆಯ ತೋಟದಲ್ಲಿ ನೀಲಗಿರಿ ಕಂಬಗಳ ಮೇಲೆ ಚಪ್ಪರ. ಕಂಬಗಳು ಗೆದ್ದಲು ತಿಂದು ವಾಲಿದ್ದವು. ಇನ್ನೊಂದು ಕಡೆ ಕಲ್ಲುಕಂಬಗಳ ಚಪ್ಪರ, ತಂತಿ ಬಿಗಿಯಾಗಿ, ಸಾಲು ನೇರವಾಗಿ. ಮ್ಯಾನೇಜರ್ ಬಗ್ಗಿ ಅದರೊಳಗೆ ನೋಡಿದರು. ಒಳಗೆ ಹಸಿರು ಬೆಳಕು. ಗೊಂಚಲುಗಳು ತಲೆಗೆ ತಾಗುವಷ್ಟು ಕೆಳಗೆ, ಅರ್ಧ ಹಸಿರು, ಅರ್ಧ ನೇರಳೆ. ಇಂಗ್ಲಿಷಿನಲ್ಲಿ ಏನೋ ಹೇಳಿಕೊಂಡು, ದಾರಿ ಇದರೊಳಗೇ ಹೋಗಲಿ, ಮೂರು ದಾರಿಗಳಲ್ಲಿ ಇದಕ್ಕಿಂತ ಚೆಂದದ ಜಾಗ ಇಲ್ಲ ಅಂದರು.

ನೀಲಗಿರಿ ಕಂಬದ ತೋಟದವರು ಅಲ್ಲೇ ನಿಂತಿದ್ದರು. ಸುಮಾರು ನಲವತ್ತೈದರ ಮನುಷ್ಯ, ತಲೆಗೆ ಟವೆಲ್. ಮ್ಯಾನೇಜರ್ ಅವರನ್ನು ಕೇಳಿದರು: "ಇದೂ ನಿಮ್ಮದೇನಾ?"

"ನಮ್ಮದೇ. ಅಣ್ಣಂದೂ ನಮ್ದೂ ಬ್ಯಾರೆ ಏನಿಲ್ಲ. ಯಾತಕ್ ಸ್ವಾಮಿ?"

ಫೆಬ್ರವರಿಯಲ್ಲಿ ಒಂದು ಬೆಳಗ್ಗೆ ಜನ ಇಲ್ಲಿ ಓಡುತ್ತಾರೆ, ಒಂದು ಹಣ್ಣನ್ನೂ ಮುಟ್ಟುವುದಿಲ್ಲ ಎಂದು ಮ್ಯಾನೇಜರ್ ಬಿಡಿಸಿ ಹೇಳಿದರು. ಓಡೋದಷ್ಟೇನಾ ಎಂದು ಆ ಮನುಷ್ಯ ಎರಡು ಸಲ ಕೇಳಿ, "ಹಾಕ್ಕಳಿ" ಅಂದರು. ಮುದುಕ ಚಪ್ಪರದ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನೇರ ಗೆರೆ ಎಳೆದ. ಎರಡು ಕೊನೆಯಲ್ಲೂ ಕತ್ತರಿ ಹಾಕಿ ಕಲ್ಲು ಪೇರಿಸಿದ.

ಅಣ್ಣ ತೀರಿಕೊಂಡು ಆರು ವರ್ಷವಾಗಿತ್ತು. ಜಮೀನು ಭಾಗವಾಗಿ ಅದಕ್ಕಿಂತ ಹೆಚ್ಚಾಗಿತ್ತು. ಕಲ್ಲುಕಂಬದ ತೋಟ ಅಣ್ಣನ ಹೆಂಡತಿಯದು. ಆ ದಿನ ಆಕೆ ತಿಪ್ಪಸಂದ್ರದಲ್ಲಿ ಬಾಣಂತಿ ಮಗಳ ಮನೆಯಲ್ಲಿದ್ದರು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ನಮ್ಮ ಕಡೆ ಆ ವರ್ಷಗಳಲ್ಲಿ 'ಸುಣ್ಣ ಬಿತ್ತು' ಅಂದರೆ ಒಂದೇ ಅರ್ಥ. ಬಿಡದಿಯ ಕಡೆಯಿಂದ ಕಾರ್ಖಾನೆಗಳು ಹಬ್ಬುತ್ತಿದ್ದವು. ಮೊದಲು ಯಾರೋ ನಾಲ್ಕು ಜನ ಬಂದು ಟೇಪು ಹಿಡಿಯುತ್ತಾರೆ, ಸುಣ್ಣದ ಗೆರೆ ಎಳೆಯುತ್ತಾರೆ, ಕತ್ತರಿ ಹಾಕುತ್ತಾರೆ. ಕೇಳಿದರೆ ಏನೂ ಇಲ್ಲ ಅನ್ನುತ್ತಾರೆ. ಆಮೇಲೆ ಜೆಸಿಬಿ ಬರುತ್ತದೆ. ಹೆಣ್ಣು ಕೊಡುವವರು ಕೂಡ "ಅವರ ಹೊಲಕ್ಕೆ ಸುಣ್ಣ ಬಿದ್ದೈತಾ?" ಎಂದು ವಿಚಾರಿಸುತ್ತಿದ್ದರು.

ಪಕ್ಕದ ಹೋಬಳಿಯ ಒಂದು ಊರಿಗೆ ಎರಡು ವರ್ಷದ ಹಿಂದೆ ಸುಣ್ಣ ಬಿದ್ದಾಗ, ಅಲ್ಲಿ ಭೂಸ್ವಾಧೀನದ ಪ್ರಸ್ತಾವವೇ ಇಲ್ಲ ಎಂಬ ಅಧಿಕಾರಿಗಳ ಹೇಳಿಕೆ ನಮ್ಮ ಪತ್ರಿಕೆಯಲ್ಲೇ ಬಂದಿತ್ತು. ಮುಂದಿನ ತಿಂಗಳು ಜಮೀನು ಹೋಯಿತು. ಆ ಊರಿನಲ್ಲಿ ಈ ಹೆಂಗಸಿನ ಅಕ್ಕನ ದ್ರಾಕ್ಷಿ ತೋಟವಿತ್ತು. ಜೆಸಿಬಿ ಬಂದ ಬೆಳಗ್ಗೆ ಈಕೆಯೂ ಬದುವಿನ ಮೇಲೆ ನಿಂತಿದ್ದರು. ಬಳ್ಳಿ, ತಂತಿ, ಕಲ್ಲುಕಂಬ ಎಲ್ಲ ಒಂದೇ ಗುಡ್ಡೆಯಾಯಿತು. ಕಂಬಗಳನ್ನಾದರೂ ಎತ್ತಿಕೊಳ್ಳಲು ಓಡಿದವರಿಗೆ, ಈಗ ಅವು ನಿಮ್ಮವಲ್ಲ ಅಂದರಂತೆ. ಒಂದು ಕಂಬವೂ ಇಡಿಯಾಗಿ ಉಳಿಯಲಿಲ್ಲ. ಅದಕ್ಕೂ ಮುಂಚೆ ಸುಣ್ಣ ಬಿದ್ದ ದಿನವೂ ಈಕೆ ಅಲ್ಲಿದ್ದರು; ಅವತ್ತು ಟೇಪು ಹಿಡಿದು ಬಂದವರಲ್ಲಿ ನಮ್ಮ ಮುದುಕನೂ ಒಬ್ಬ. ಅದು ಅವನ ನೌಕರಿಯ ಕೊನೆಯ ವರ್ಷ.

ತಿಪ್ಪಸಂದ್ರದಿಂದ ವಾಪಸು ಬಂದ ಸಂಜೆ ಆಕೆ ಗೆರೆಯನ್ನು ಕಂಡರು. ನೇರ ಮೈದುನನ ಮನೆಗೆ ಹೋದರು. ಅಲ್ಲಿ ನಡೆದ ಮಾತನ್ನು ನಾನು ಇಬ್ಬರಿಂದಲೂ ಬೇರೆ ಬೇರೆ ಕೇಳಿದ್ದೇನೆ. ಎರಡೂ ಹೆಚ್ಚು ಕಡಿಮೆ ಒಂದೇ.

"ತ್ವಾಟದಾಗೆ ಸುಣ್ಣ ಬಿದ್ದೈತಲ್ಲಪ್ಪ. ಯಾರ್ ಬಂದಿದ್ರು?"

"ಪ್ಯಾಂಟ್ನೋರು ಬಂದಿದ್ರು ಅತ್ಗೆ. ಟೇಪ್ ಹಿಡಿದ್ರು."

"ಏನಂದ್ರು?"

"ಏನೂ ಇಲ್ಲ ಅಂದ್ರು. ಒಂದ್ ಹಣ್ಣೂ ಮುಟ್ಟಕಿಲ್ಲ ಅಂದ್ರು."

"ನಿಮ್ ಕಡೀಕ್ ಬಿದ್ದಿಲ್ವಾ?"

"ನಮ್ ಕಡೀಕ್ ಬಿದ್ದಿಲ್ಲ."

ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಓಟ ಎಂಬ ಒಂದು ಪದ ಮಾತ್ರ ಇರಲಿಲ್ಲ.

ಆಕೆ ಮರುದಿನ ಗ್ರಾಮ ಲೆಕ್ಕಿಗರ ಕಚೇರಿಗೆ ಹೋದರು, ಬಾಗಿಲು ಹಾಕಿತ್ತು. ಮಾಗಡಿಯ ತಾಲ್ಲೂಕು ಕಚೇರಿಗೆ ಹೋದರು, ನಮ್ಮಲ್ಲಿ ಅಂಥದ್ದೇನೂ ಬಂದಿಲ್ಲ ಎಂದರು. ಅಕ್ಕನಿಗೂ ಅದೇ ಕಿಟಕಿಯಲ್ಲಿ ಅದೇ ಮಾತು ಹೇಳಿದ್ದರು. ಅಲ್ಲಿಂದ ಬರುವಷ್ಟರಲ್ಲಿ ಆಕೆ ತೀರ್ಮಾನ ಮಾಡಿದ್ದರು. ಬಳ್ಳಿ ಹೋದರೆ ಹೋಯಿತು, ಕಂಬ ಉಳಿಸಿಕೊಳ್ಳಬೇಕು. ಕಂಬ ಇದ್ದರೆ ಎಲ್ಲಾದರೂ ಇನ್ನೊಂದು ಚಪ್ಪರ ಏಳುತ್ತದೆ. ಆ ಕಂಬಗಳನ್ನು ಗಂಡ ಹೆಂಡತಿ ಎತ್ತಿನ ಗಾಡಿಯಲ್ಲಿ ವರ್ಷಕ್ಕೆ ಒಂದಿಷ್ಟು ತಂದು ನೆಟ್ಟಿದ್ದರು.

ಒಂದೂವರೆ ವಾರದ ಮೇಲೆ, ಹಣ್ಣು ಇನ್ನಷ್ಟು ಬಣ್ಣ ತಿರುಗಿರುತ್ತದೆ, ಒಂದೆರಡು ಫೋಟೋ ತೆಗೆಯೋಣ ಎಂದು ನಾನು ಮತ್ತೆ ಆ ಊರಿಗೆ ಹೋದೆ. ಊರ ಬಾಗಿಲ ಟೀ ಅಂಗಡಿಯಲ್ಲಿ ಗಾಡಿ ನಿಲ್ಲಿಸಿದೆ. ನಾಲ್ಕೈದು ಜನ ಕೂತಿದ್ದರು.

"ಓಟಂತೆ ಕಣ್ಲಾ."

"ಎಲೆಕ್ಷನ್ ಯಾವತ್ತು?"

"ಓಟಲ್ಲ ಕಣ್ಲಾ, ಓಟ. ಓಡದು. ಬೆಂಗ್ಳೂರಿಂದ ಬಂದು ನಮ್ಮೂರಾಗೆ ಓಡ್ತಾರಂತೆ."

"ಯಾರ್ ಅಟ್ಟಿಸ್ಕಂಡ್ ಬತ್ತಾವ್ರೆ?"

"ಯಾರೂ ಇಲ್ಲ. ಸುಮ್ಸುಮ್ಕೆ ಓಡ್ತಾರಂತೆ. ಆಮೇಲ್ ವೈನ್ ಕುಡೀತಾರಂತೆ."

"ಹಂಗಾದ್ರೆ ಮೊದ್ಲು ಕುಡುದ್ಬುಟ್ಟು ಆಮೇಲ್ ಓಡದು ತಾನೇ. ಚೆಂದಾಗಿರ್ತದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮೂಲೆಯಲ್ಲಿ ಬೀಡಿ ಸೇದುತ್ತಿದ್ದ ಒಬ್ಬರು ಅಂದರು: "ಅಲ್ಲಿ ಆವಮ್ಮ ಕಂಬ ಕೀಳಿಸ್ತಾವ್ಳೆ. ಸರ್ಕಾರಕ್ಕಿಂತ ಮುಂಚೆ ಅವ್ಳೇ ಸ್ವಾಧೀನ ಮಾಡ್ಕಂಬುಟ್ಳು."

ಯಾರು ಎಂದು ಕೇಳಿದೆ. ಹೇಳಿದರು. ಸುಣ್ಣ ಯಾತಕ್ಕೆ ಬಿದ್ದದ್ದು ಎಂದು ಆಕೆಗೆ ಗೊತ್ತಿಲ್ಲವೇ ಎಂದು ಕೇಳಿದೆ.

"ಗೊತ್ತಿಲ್ಲ."

"ನಿಮಗೆ ಗೊತ್ತಲ್ಲ?"

"ಮೈದುನಾನೇ ಹೇಳ್ದಾಗ ಗೊತ್ತಾಯ್ತು. ಅಣ್ಣ ತಮ್ಮಂದಿರ ಮನೆ ಸಮಾಚಾರ, ನಾವ್ಯಾಕ್ ಮಧ್ಯಕ್ ಹೋಗದು?" ಅಂದರು ಬೀಡಿಯವರು. ಪಕ್ಕದವನು ಅವರ ಬೆನ್ನಿಗೆ ಗುದ್ದಿದ. "ಲೇ, ನೀನೇ ಅಲ್ವೇನ್ಲಾ ಅವ್ಳ್ ಯಾವತ್ ಕೀಳಿಸ್ತಾಳೆ ಅಂತ ಬಾಜಿ ಕಟ್ಟಿದ್ದು?"

ನಾನು ತೋಟಕ್ಕೆ ಹೋದಾಗ ಅರ್ಧ ಚಪ್ಪರ ಕೆಳಗಿತ್ತು. ತಂತಿ ಕತ್ತರಿಸಿದ ಕಡೆ ಬಳ್ಳಿಗಳು ಗೊಂಚಲುಗಳ ಸಮೇತ ನೆಲದ ಮೇಲೆ ಬಿದ್ದಿದ್ದವು; ಆಳುಗಳು ತುಳಿದುಕೊಂಡೇ ಓಡಾಡುತ್ತಿದ್ದರು. ಹುಳಿ ವಾಸನೆ. ಕಿತ್ತ ಕಂಬಗಳನ್ನು ಮೈದುನನ ಟ್ರಾಕ್ಟರಿಗೆ ಏರಿಸಿ ಬದುವಿನ ಆಚೆ ಅವರ ತೋಟದಲ್ಲಿ ಇಳಿಸುತ್ತಿದ್ದರು. ಆ ಕಡೆ ಸುಣ್ಣ ಬಿದ್ದಿಲ್ಲವಾದ್ದರಿಂದ ಅಲ್ಲಿ ಭದ್ರವಾಗಿರುತ್ತವೆ ಎಂದು ಮೈದುನನೇ ಸಲಹೆ ಕೊಟ್ಟಿದ್ದರು.

ಇನ್ನರ್ಧ ಚಪ್ಪರ ನಿಂತಿತ್ತು. ಅದನ್ನು ಉಳಿಸಲು ಸಮಯವಿತ್ತು.

ನಾನು ಪತ್ರಿಕೆಯವನು, ಈ ಗೆರೆ ಎಳೆದ ದಿನ ಇಲ್ಲೇ ಇದ್ದೆ, ಇದು ಸರ್ಕಾರದ್ದಲ್ಲ ಅಕ್ಕಾ, ವೈನ್ ಫ್ಯಾಕ್ಟರಿಯವರ ಓಟದ ದಾರಿ ಎಂದೆ. ಆಕೆ ಕೈಯಲ್ಲಿದ್ದ ಕುಡುಗೋಲನ್ನು ಕೆಳಗಿಡದೆ ಕೇಳಿಸಿಕೊಂಡರು.

"ಯಾವ್ ಪೇಪರ್ನಪ್ಪ ನೀನು?"

ಹೇಳಿದೆ.

"ನಮ್ಮಕ್ಕನೂರಿಗೆ ಏನೂ ಇಲ್ಲ ಅಂತ ಬರ್ದಿದ್ ಪೇಪರಾ?"

ಹೌದು ಎಂದೆ. ಅದು ಅಧಿಕಾರಿಗಳ ಹೇಳಿಕೆ ಎಂದೆ.

"ಇದ್ಯಾರ್ ಹೇಳಿಕೆ?"

ಮೈದುನ ಟ್ರಾಕ್ಟರಿನ ಮೇಲೆ ಕೂತಿದ್ದರು. ಎಂಜಿನ್ ನಿಲ್ಲಿಸಿರಲಿಲ್ಲ. ಆಕೆ ಆ ಕಡೆ ತಿರುಗಿ, "ಓಡಕ್ ಹಾಕಿರೋ ಗೆರೆಯಂತೆ, ಹೌದೇನಪ್ಪ?" ಎಂದು ಕೂಗಿದರು.

"ಅವರೂ ಹಂಗೇ ಅಂದ್ರು ಅತ್ಗೆ. ಓಡ್ತೀವಿ ಅಂದ್ರು. ಅವರ್ ಮಾತ್ ನಂಬೋದು ಬುಡೋದು ನಿಂಗೆ ಸೇರಿದ್ದು."

ಓಟ ಎಂಬ ಪದವನ್ನು ಮೈದುನ ಆಕೆಯ ಮುಂದೆ ಹೇಳಿದ್ದು ಅದೇ ಮೊದಲು. ಎಂಜಿನ್ನಿನ ಸದ್ದಿನಲ್ಲಿ, ಇನ್ನೊಬ್ಬರ ಮಾತು ಎಂಬಂತೆ.

ನಾನು ಮ್ಯಾನೇಜರಿಗೆ ಫೋನ್ ಮಾಡಿದೆ. ಬೆಂಗಳೂರಿನಲ್ಲಿದ್ದರು. ಗಾಬರಿಯಾದರು. ಅಯ್ಯೋ, ಆ ಚಪ್ಪರಾನೇ ನಮ್ಮ ದಾರಿಯ ಮುಖ್ಯ ಜಾಗ, ಈಗಲೇ ಜನ ಕಳಿಸ್ತೀನಿ, ದಯವಿಟ್ಟು ಅಲ್ಲಿವರೆಗೆ ನಿಲ್ಲಿಸಿ ಎಂದರು. ಆಕೆ ನಿಲ್ಲಿಸಿದರು. ಆಳುಗಳು ಹೊಂಗೆ ಮರದ ಕೆಳಗೆ ಕೂತು ಎಲೆಯಡಿಕೆ ಹಾಕಿಕೊಂಡರು. ಆಕೆ ನಿಂತಿದ್ದ ಅರ್ಧ ಚಪ್ಪರದ ಕೆಳಗೆ ಹೋಗಿ, ಒಂದು ಗೊಂಚಲಿನಿಂದ ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡು, "ಇನ್ನೂ ಒಸಿ ಹುಳಿ ಐತೆ" ಅಂದರು. ಕುಡುಗೋಲನ್ನು ತಂತಿಗೆ ಸಿಕ್ಕಿಸಿದರು. ಕಳಿಸಿದವರು ಬಂದು ಸರಿಯಾಗಿ ಹೇಳಿದರೆ ಉಳಿದದ್ದನ್ನು ಬಿಟ್ಟುಬಿಡುತ್ತಾರೆ ಎಂದು ನನಗೆ ಅನ್ನಿಸಿತು.

ಫ್ಯಾಕ್ಟರಿಯ ಜೀಪು ಬಂತು. ಅದರಿಂದ ಇಳಿದದ್ದು ಮುದುಕ. ದಾರಿ ಗೊತ್ತಿದ್ದವನು ಅವನೊಬ್ಬನೇ ಎಂದು ಅವನನ್ನೇ ಕಳಿಸಿದ್ದರು. ಚಪ್ಪರ ಬಿದ್ದ ಕಡೆ ದಾರಿ ಬದಲಿಸಬೇಕಾದೀತು ಎಂದು ಕೈಯಲ್ಲಿ ಟೇಪು, ಹೆಗಲ ಮೇಲೆ ಸುಣ್ಣದ ಚೀಲ ತಂದಿದ್ದ.

ಆಕೆ ಅವನ ಮುಖವನ್ನೇ ನೋಡಿದರು.

"ನೀನು ನಮ್ಮಕ್ಕನೂರಿಗೆ ಬಂದಿದ್ದೋನಲ್ವಾ?"

ಮುದುಕ ಸುಳ್ಳು ಹೇಳಲಿಲ್ಲ. "ಹೂಂ ಕಣವ್ವ, ಬಂದಿದ್ದೆ. ಆವಾಗ ಇಲಾಖೆನಾಗಿದ್ದೆ."

"ಅವತ್ತೇನಂದೆ?"

"ಏನಂದ್ನೋ ಗ್ಯಾನ ಇಲ್ಲ."

"ಏನೂ ಇಲ್ಲ ಕಣವ್ವ, ಸುಮ್ಕೆ ಅಳತೆ ಅಂದೆ. ನಂಗ್ ಗ್ಯಾನ ಐತೆ. ಇವತ್ತೇನಂತೀಯ?"

ಮುದುಕ ಟೇಪನ್ನು ಬೆನ್ನ ಹಿಂದೆ ಹಿಡಿದುಕೊಂಡ. "ಏನೂ ಇಲ್ಲ ಕಣವ್ವ," ಅಂದ. "ಸುಮ್ಕೆ ಓಡಕ್ಕೆ."

ಟ್ರಾಕ್ಟರಿನ ಮೇಲೆ ಮೈದುನ ನಕ್ಕರು. ಆಳುಗಳೂ ನಕ್ಕರು. ಆಕೆ ಕುಡುಗೋಲನ್ನು ತಂತಿಯಿಂದ ತೆಗೆದುಕೊಂಡು, "ಏಳ್ರಪ್ಪ, ಹೊತ್ತಾಯ್ತು" ಎಂದು ಆಳುಗಳನ್ನು ಎಬ್ಬಿಸಿದರು. ಮುಂದಿನ ಸಾಲಿನ ಬಳ್ಳಿಗಳನ್ನು ತಾವೇ ಬುಡದಲ್ಲಿ ಕಡಿಯುತ್ತ ಹೋದರು. ನಾನು ಇನ್ನೂ ಎರಡು ಸಲ ಹೇಳಿದೆ. ಎರಡನೆಯ ಸಲ ಆಕೆ ತಲೆ ಎತ್ತದೆ, "ನೀನು ಬರ್ಕೊ ಹೋಗಪ್ಪ" ಅಂದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ತೋಟದಲ್ಲಿ ಕಂಬಗಳಿದ್ದ ಗುಂಡಿಗಳು ಮಾತ್ರ ಇದ್ದವು.

ಫೆಬ್ರವರಿಯಲ್ಲಿ ಓಟ ನಡೆಯಿತು. ಬೆಳಕು ಹರಿಯುವ ಮುಂಚೆಯೇ ಕಾರುಗಳು ಬಂದವು. ಚಿಕ್ಕ ದಾರಿಯಲ್ಲಿ ಮಕ್ಕಳು, ಎರಡನೆಯದರಲ್ಲಿ ಹೆಚ್ಚು ಜನ, ಮೂರನೆಯದರಲ್ಲಿ ನಿಜವಾದ ಓಟಗಾರರು. ದಿಣ್ಣೆಯ ಮೇಲೆ ಹಲವರು ನಿಂತು ಸಾವನದುರ್ಗದ ಫೋಟೋ ತೆಗೆದುಕೊಂಡರು. ಕೆರೆ ಏರಿಯ ಮೇಲೆ ಬಟ್ಟೆ ಒಗೆಯುವ ಹೆಂಗಸರು ಕೈ ನಿಲ್ಲಿಸಿ ನೋಡಿದರು. ದಾರಿಗಳು ಚೆನ್ನಾಗಿದ್ದವು, ಅದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ.

ಆಕೆ ತಮ್ಮ ಜಮೀನಿನ ತುದಿಯಲ್ಲಿ ನಿಂತಿದ್ದರು. ಜೆಸಿಬಿ ಬಂದಿರಲಿಲ್ಲ. ಎದೆಗೆ ನಂಬರ್ ಅಂಟಿಸಿಕೊಂಡ ಮೊದಲ ಓಟಗಾರ ದಿಣ್ಣೆ ಇಳಿದು, ಗುಂಡಿಗಳನ್ನು ತಪ್ಪಿಸಿ, ಮುದುಕ ಹೊಸದಾಗಿ ಎಳೆದ ಗೆರೆಯ ಗುಂಟ ಓಡಿಹೋದ. ಅವನ ಹಿಂದೆ ಇಬ್ಬರು. ಆಮೇಲೆ ಗುಂಪು. ನೀಲಿ ಟೋಪಿಯ ಹುಡುಗಿಯೊಬ್ಬಳು ವೇಗ ತಗ್ಗಿಸಿ, "ಆಂಟಿ, ಇಲ್ಲಿ ದ್ರಾಕ್ಷಿ ಚಪ್ಪರ ಇದೆ ಅಂದಿದ್ದರು, ಎಲ್ಲಿ?" ಎಂದು ಕೇಳಿದಳು. ಆಕೆ ಗುಂಡಿಗಳ ಕಡೆ ನೋಡಿದರು. ಹುಡುಗಿ ಕೈ ಬೀಸಿ ಮುಂದೆ ಓಡಿದಳು.

ಬದುವಿನ ಆ ಕಡೆ ಮೈದುನ ಮೇಜು ಹಾಕಿಕೊಂಡು ಓಟಗಾರರಿಗೆ ನೀರು ಕೊಡುತ್ತಿದ್ದರು. ಫ್ಯಾಕ್ಟರಿಯವರು ಕೊಟ್ಟ ಬಿಳಿ ಬನಿಯನ್ ಹಾಕಿಕೊಂಡಿದ್ದರು.

ಆಕೆ ನನ್ನನ್ನು ಗುರುತು ಹಿಡಿದು ಹತ್ತಿರ ಬಂದರು. "ಇಷ್ಟೇನಾ?" ಎಂದು ಕೇಳಿದರು.

ಇಷ್ಟೇ ಎಂದೆ.

"ಮತ್ತೆ ಬರಕಿಲ್ವಾ ಯಾರೂ?"

ಮುಂದಿನ ವರ್ಷ ಬರುತ್ತಾರಂತೆ ಎಂದೆ. ಆಕೆ ಕೊನೆಯ ಓಟಗಾರ ಹೋಗುವವರೆಗೂ ಅಲ್ಲೇ ನಿಂತಿದ್ದರು. ಆಮೇಲೆ ಬದು ದಾಟಿ ಮೈದುನನ ಬಳಿ ಹೋಗಿ, ಟ್ರಾಕ್ಟರ್ ಹೂಡು, ಕಂಬ ವಾಪಸ್ ಹಾಕು ಅಂದರು. ಮೈದುನ ಖಾಲಿ ಲೋಟಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದರು.

"ಕೊಡ್ತೀನಿ ಅತ್ಗೆ, ಎಲ್ಲಿಗ್ ಹೋಯ್ತವೆ. ಬಳ್ಳಿ ಇಲ್ದೆ ಕಂಬ ಮಡಿಕ್ಕಂಡು ಏನ್ ಮಾಡ್ತೀಯ? ದನ ಕಟ್ಟಾಕ್ತೀಯ?"

ನೀರಿನ ಮೇಜಿನ ಸುತ್ತ ಊರಿನ ಗಂಡಸರು ಒಂದಷ್ಟು ಜನ ಇದ್ದರು. ಟೀ ಅಂಗಡಿಯ ಬೀಡಿಯವರೂ ಇದ್ದರು. ಅವರು ಇನ್ನೊಂದು ಬೀಡಿ ಹಚ್ಚಿಕೊಂಡರು.

ನನ್ನ ಲೇಖನ ಮುಂದಿನ ಭಾನುವಾರದ ಪುರವಣಿಯಲ್ಲಿ ಬಂತು. ಮೂರು ದಾರಿಗಳ ವಿವರ, ದಿಣ್ಣೆಯ ಫೋಟೋ. ಚಪ್ಪರದ ಪ್ಯಾರಾ ಪುಟಕ್ಕೆ ಹೊಂದುವುದಿಲ್ಲ ಎಂದು ಡೆಸ್ಕಿನವರು ತೆಗೆದಿದ್ದರು. ಅದನ್ನೇ ಸುದ್ದಿಯಾಗಿ ಬೇರೆ ಬರೆದು ಕಳಿಸಿದೆ. ನೋಟಿಸಿಲ್ಲ, ದೂರಿಲ್ಲ, ಕೆಡವಿದ್ದೂ ಅವರೇ. ಇದರಲ್ಲಿ ಸುದ್ದಿ ಯಾವುದು ಎಂದು ಕೇಳಿದರು.

ದೂರು ಕೊಡುತ್ತೀರಾ ಎಂದು ಆಕೆಯನ್ನು ಕೇಳಿದ್ದೆ. ಪಂಚಾಯಿತಿ ಕೂರಿಸಿದ್ದರಂತೆ. ಅಲ್ಲಿ ಮೈದುನ, ನಾನು ಹೇಳಿದ ಒಂದೇ ಒಂದು ಸುಳ್ಳು ತೋರಿಸಲಿ, ಇವತ್ತೇ ಕಂಬ ಹಾಕ್ತೀನಿ ಎಂದರಂತೆ. ಆಕೆಗೆ ತೋರಿಸಲಾಗಲಿಲ್ಲ. ಮೈದುನನ ಉದ್ದೇಶ ಮೊದಲಿನಿಂದಲೂ ಕಂಬಗಳೇ ಆಗಿದ್ದವೋ, ಇಲ್ಲ ಸುಮ್ಮನಿದ್ದದ್ದಕ್ಕೆ ಅವು ಬಂದು ಸೇರಿದವೋ, ನನಗೆ ಗೊತ್ತಿಲ್ಲ. ಕೇಳಿದಾಗ, "ನಾನೇನ್ ಮಾಡ್ದೆ?" ಎಂದಷ್ಟೇ ಹೇಳಿದರು.

ಆ ಮಳೆಗಾಲದಲ್ಲಿ ಅವರು ತಮ್ಮ ತೋಟದ ನೀಲಗಿರಿ ಕಂಬಗಳನ್ನು ಕಿತ್ತು ಕಲ್ಲುಕಂಬ ನೆಟ್ಟರು. ಆಕೆ ತಮ್ಮ ಜಮೀನಿನಲ್ಲಿ ಹುರುಳಿ ಚೆಲ್ಲಿದ್ದರು.

೨೦೦೯ರ ಫೆಬ್ರವರಿಯಲ್ಲಿ ಎರಡನೆಯ ಓಟ ನಡೆದಾಗ ದಾರಿಯನ್ನು ಮೈದುನನ ಚಪ್ಪರದ ಕೆಳಗೆ ತಿರುಗಿಸಲಾಗಿತ್ತು. ಆ ವಾರವೇ ಅಲ್ಲಿ ಕೊಯ್ಲು ಶುರುವಾಯಿತು. ಹಣ್ಣು ಬಿಡಿಸಲು ಕೂಲಿಗೆ ಕರೆದಿದ್ದ ಹೆಂಗಸರಲ್ಲಿ ಆಕೆಯೂ ಇದ್ದರು.